ಬರೀ ಚಹಾ ಕುಡಿದು ಹೊಲಕ್ಕೆ ಹೋಗಬೇಡಿರಿ
(ಕೂಲಿಕಾರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಾವು ಮನೆಯಲ್ಲಿ ಗೆಣಸು ಎನ್ನುತ್ತೇವೆ, ಸಂತೆಯಲ್ಲಿ ರತಾಳೆ ಎಂದು ಕೇಳುತ್ತೇವೆ. ಹೆಸರು ಎರಡು, ಗಡ್ಡೆ ಒಂದೇ. ಶಿವರಾತ್ರಿಗೆ, ಆಷಾಢ ಏಕಾದಶಿಗೆ ನೆರೆಹೊರೆಯವರು ಅದನ್ನು ಕೊಳ್ಳುತ್ತಾರೆ. ಉಪವಾಸ ಮುಗಿದ ಮೇಲೆ ಹೆಚ್ಚಿನವರು ಮರೆತುಬಿಡುತ್ತಾರೆ.

ಹೊತ್ತು ಮೂಡುವ ಮೊದಲೇ ಸೋಯಾಬೀನ್ ಕೊಯ್ಯಲು, ಕಬ್ಬು ಕಡಿಯಲು ಹೋಗುವ ತಾಯಂದಿರೇ, ನಿಮ್ಮಲ್ಲಿ ಎಷ್ಟು ಮಂದಿ ಬರೀ ಚಹಾ ಕುಡಿದು ಹೊರಡುತ್ತೀರಿ? ಕೈ ಎತ್ತಿರೆಂದು ಕೇಳುವುದಿಲ್ಲ. ನನ್ನ ತಾಯಿಯೂ ಹಾಗೆಯೇ ಹೋಗುತ್ತಿದ್ದಳು. ನಡುಹೊತ್ತಿಗೆ ಕಣ್ಣಿಗೆ ಕತ್ತಲೆ ಬಂದರೆ ಬಿಸಿಲಿನ ಮೇಲೆ ತಪ್ಪು ಹಾಕುತ್ತಿದ್ದಳು. ಬಿಸಿಲಷ್ಟೇ ಅಲ್ಲ, ಅದು ಹಸಿವು.

100 ಗ್ರಾಂ ಕುದಿಸಿದ ಗೆಣಸಿನಲ್ಲಿ ಸುಮಾರು 80 ಕ್ಯಾಲೊರಿ ಶಕ್ತಿ, 2ರಿಂದ 3 ಗ್ರಾಂ ನಾರು ಇರುತ್ತದೆ. ನಾರಿನಿಂದ ಹೊಟ್ಟೆ ಬಹಳ ಹೊತ್ತು ತಡೆಯುತ್ತದೆ, ಮಲಬದ್ಧತೆ ಕಡಿಮೆಯಾಗುತ್ತದೆ. ಪೊಟ್ಯಾಸಿಯಂ ಕೂಡ ಚೆನ್ನಾಗಿದೆ. ಸಾಬುದಾಣಿಯಲ್ಲಿ ಇರುವುದು ಬಹುತೇಕ ಹಿಟ್ಟಿನಂಶ ಮಾತ್ರ.

ಕೊಳ್ಳುವಾಗ ಸಿಪ್ಪೆಯ ಬಣ್ಣ ನೋಡಿ ಮೋಸಹೋಗಬೇಡಿರಿ, ಮುರಿದು ಒಳಗೆ ನೋಡಿರಿ. ಒಳಗೆ ಕಿತ್ತಳೆ ಬಣ್ಣವಿದ್ದರೆ ಅದರಲ್ಲಿ ಬೀಟಾ ಕ್ಯಾರೊಟಿನ್ ಇದೆ. ನಮ್ಮ ದೇಹ ಅದನ್ನು ಎ ಜೀವಸತ್ವ ಮಾಡಿಕೊಳ್ಳುತ್ತದೆ. ಎ ಜೀವಸತ್ವದ ಕೊರತೆಯಿಂದಲೇ ಮಕ್ಕಳಿಗೆ ಇರುಳುಗುರುಡು ಬರುವುದು. ಬಿಳಿ ಗೆಣಸಿನಲ್ಲಿ ಇದು ತೀರ ಕಡಿಮೆ. ಕಿತ್ತಳೆ ಗೆಣಸನ್ನು ಆಫ್ರಿಕಾದ ಬಡ ಮನೆಗಳಿಗೆ ಮುಟ್ಟಿಸಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ತಿರುವನಂತಪುರದ ಗೆಡ್ಡೆ ಬೆಳೆಗಳ ಕೇಂದ್ರದವರು ನಮ್ಮ ದೇಶಕ್ಕಾಗಿ 'ಭೂ ಸೋನಾ' ಎಂಬ ಇಂಥ ತಳಿ ಹೊರತಂದಿದ್ದಾರೆ.

ಆದರೆ ಗೆಣಸನ್ನೇ ನಂಬಿ ಕೂರಬೇಡಿರಿ. 100 ಗ್ರಾಮಿನಲ್ಲಿ ಪ್ರೋಟೀನು 2 ಗ್ರಾಮೂ ಇಲ್ಲ. ಜೋಳದ ರೊಟ್ಟಿ, ತೊಗರಿಬೇಳೆ ಬಿಡುವಂತಿಲ್ಲ. ರಾತ್ರಿಯೇ ತೊಳೆದು ಸಿಪ್ಪೆ ಸಮೇತ ಕುದಿಸಿಡಿರಿ, ಬೆಳಿಗ್ಗೆ ಒಂದು ಹಿಡಿ ಶೇಂಗಾ ಜೊತೆ ತಿನ್ನಿರಿ. ಶೇಂಗಾದ ಎಣ್ಣೆಯಂಶದಿಂದ ಕ್ಯಾರೊಟಿನ್ ಮೈಗೆ ಹತ್ತುತ್ತದೆ. ಕೊಳೆತು ಕಹಿಯಾದದ್ದನ್ನು ಎಸೆಯಿರಿ. ಸಕ್ಕರೆ ಕಾಯಿಲೆಯವರು ರೊಟ್ಟಿಯ ಬದಲಿಗೆ ಸಣ್ಣ ತುಂಡು ತಿನ್ನಲಿ, ಬೆಲ್ಲ ಬೇಡ. ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳಲಿ.

ಬಚ್ಚಲ ನೀರು ಹರಿಯುವಲ್ಲಿ ಒಂದು ಬಳ್ಳಿಯ ತುಂಡು ಊರಿದರೆ ಸುಮಾರು ನಾಲ್ಕು ತಿಂಗಳಿಗೆ ಗಡ್ಡೆ ಸಿಗುತ್ತದೆ. ಎಳೆ ಎಲೆಗಳನ್ನೂ ಪಲ್ಯ ಮಾಡಬಹುದು.

ಹೊಟ್ಟೆ ತುಂಬುವಷ್ಟು ಕೂಲಿ ಕೇಳುವುದು ನಮ್ಮ ಹಕ್ಕು. ಗೆಣಸು ಸಿಕ್ಕಿತೆಂದು ಆ ಮಾತು ಬಿಡಬೇಕಾಗಿಲ್ಲ. ಆದರೆ ಕೂಲಿ ಹೆಚ್ಚಾಗುವವರೆಗೆ ಮೈ ಉಳಿಯಬೇಕಲ್ಲವೇ? ನಾಳೆ ಬೆಳಿಗ್ಗೆ ಒಬ್ಬ ತಾಯಿಯಾದರೂ ಹಸಿದ ಹೊಟ್ಟೆಯಲ್ಲಿ ಹೊಲಕ್ಕೆ ಹೋಗದಿದ್ದರೆ, ಈ ಮಾತು ಸಾರ್ಥಕ.