ಆಟದ ಒಡೆತನ: ಆನ್‌ಲೈನ್ ಕಾಲದ ವಿಡಿಯೋ ಗೇಮ್‌ಗಳು



ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ‘ದಿ ಕ್ರ್ಯೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು ನಿಲ್ಲಿಸಿತು. 2014ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದಿದ್ದ ಈ ಆಟವನ್ನು ಜನ ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದರು. ಒಬ್ಬರೇ ಕೂತು ಆಡಬಹುದಾದ ಕಥೆಯೂ ಅದರಲ್ಲಿತ್ತು. ಆದರೆ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರಿನೊಡನೆ ಸಂಪರ್ಕ ಇರಲೇಬೇಕು ಎಂಬಂತೆ ಅದನ್ನು ಕಟ್ಟಲಾಗಿತ್ತು. ಹೀಗಾಗಿ ಡಿಸ್ಕನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡವರಿಗೂ ಆ ದಿನದಿಂದ ಆಟ ಇಲ್ಲವಾಯಿತು. ಆನ್‌ಲೈನ್ ಆಟ ವಿಡಿಯೋ ಗೇಮ್ ಲೋಕವನ್ನು ಹೇಗೆ ಬದಲಿಸಿತು ಎಂದು ಕೇಳಿದರೆ, ದೂರದವರನ್ನು ಹತ್ತಿರ ತಂದಿತು ಎಂಬ ಉತ್ತರ ಕೂಡಲೇ ಸಿಗುತ್ತದೆ. ಆ ಉತ್ತರ ನಿಜ, ಆದರೆ ಅರ್ಧ ನಿಜ. ಜೊತೆಗಾರರನ್ನು ಕೊಟ್ಟ ಅದೇ ವ್ಯವಸ್ಥೆ ಆಟದ ಒಡೆತನವನ್ನು ಆಟಗಾರರ ಕೈಯಿಂದ ಕಸಿದುಕೊಂಡಿತು. ಈ ಎರಡೂ ಒಟ್ಟಿಗೇ ನಡೆಯಬೇಕಾದ ಅನಿವಾರ್ಯತೆ ಇರಲಿಲ್ಲ, ಈಗಲೂ ಇಲ್ಲ ಎಂಬುದೇ ಈ ಉಪನ್ಯಾಸದ ವಾದ.

ಮೊದಲು ದೊರಕಿದ್ದನ್ನು ಕೃತಜ್ಞತೆಯಿಂದಲೇ ನೆನೆಯೋಣ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ 1978ರ ಹೊತ್ತಿಗೆ ‘ಮಡ್’ ಎಂಬ ಆಟವನ್ನು ಕಟ್ಟತೊಡಗಿದರು. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರಗಳಿದ್ದವು. ಆದರೂ ಹಲವರು ಒಂದೇ ಹೊತ್ತಿನಲ್ಲಿ ಒಂದೇ ಕಲ್ಪಿತ ಲೋಕದಲ್ಲಿ ಓಡಾಡಬಹುದಿತ್ತು. ಅದೇ ಪರಂಪರೆಯಲ್ಲಿ 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2010ರ ವೇಳೆಗೆ 1.2 ಕೋಟಿ ಚಂದಾದಾರರನ್ನು ಗಳಿಸಿತು. ಆ ಲೋಕ ಎಷ್ಟು ಜೀವಂತವಾಗಿತ್ತೆಂದರೆ, 2005ರಲ್ಲಿ ಅದರೊಳಗೆ ತಪ್ಪಿ ಹಬ್ಬಿದ ಒಂದು ಕಾಲ್ಪನಿಕ ಸೋಂಕಿಗೆ ಜನ ಪ್ರತಿಕ್ರಿಯಿಸಿದ ಬಗೆಯನ್ನು ಸಾಂಕ್ರಾಮಿಕ ರೋಗ ತಜ್ಞರು ಅಭ್ಯಾಸ ಮಾಡಿ, 2007ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬರೆದರು. ನಾರ್ವೆಯ ಮ್ಯಾಟ್ಸ್ ಸ್ಟೀನ್ ಸ್ನಾಯುಕ್ಷಯದಿಂದ ಗಾಲಿಕುರ್ಚಿಯಲ್ಲೇ ಬದುಕಿ 2014ರಲ್ಲಿ, 25ರ ವಯಸ್ಸಿನಲ್ಲಿ ತೀರಿಕೊಂಡರು. ಮಗ ಒಂಟಿಯಾಗಿಯೇ ಹೋದ ಎಂದುಕೊಂಡಿದ್ದ ತಂದೆತಾಯಿಗೆ, ಇದೇ ಆಟದಲ್ಲಿ ಆತನಿಗೆ ಹಲವು ದೇಶಗಳ ಆಪ್ತ ಗೆಳೆಯರಿದ್ದರು ಎಂಬುದು ಆಮೇಲೆ ತಿಳಿಯಿತು. ಆನ್‌ಲೈನ್ ಆಟವನ್ನು ಕಾಲಹರಣವೆಂದು ತಳ್ಳಿಹಾಕುವವರು ಈ ಸಂಗತಿಗಳ ಮುಂದೆ ಒಂದು ಕ್ಷಣ ನಿಲ್ಲಬೇಕು. ಅಲ್ಲಿ ಸ್ನೇಹ ಹುಟ್ಟಿದೆ, ಸಮಾಜ ಕಟ್ಟಿಕೊಂಡಿದೆ. ಅಂಥ ತಾಣ ಯಾರ ವಶದಲ್ಲಿದೆ ಎಂಬ ಪ್ರಶ್ನೆ ಹಗುರವಾಗದಿರುವುದು ಅದಕ್ಕಾಗಿಯೇ.

ಈ ತಾಣ ಕಂಪನಿಗಳ ವಶಕ್ಕೆ ಹೋದದ್ದು ತಾಂತ್ರಿಕ ಅಗತ್ಯದಿಂದ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1993ರ ‘ಡೂಮ್’ ಆಟವನ್ನು ನಾಲ್ವರು ತಮ್ಮ ಕಂಪ್ಯೂಟರುಗಳನ್ನು ತಂತಿಯಲ್ಲಿ ಜೋಡಿಸಿಕೊಂಡು ಆಡಬಹುದಿತ್ತು. 1996ರ ‘ಕ್ವೇಕ್’ ಇಂಟರ್‌ನೆಟ್ ಆಟಕ್ಕೆ ದೊಡ್ಡ ದಾರಿ ತೆರೆಯಿತು, ಆದರೆ ಸರ್ವರ್ ನಡೆಸುವ ತಂತ್ರಾಂಶವನ್ನು ಆಟಗಾರರಿಗೇ ಕೊಟ್ಟಿತು. ಸಾಲದ್ದಕ್ಕೆ 1999ರಲ್ಲಿ ಅದರ ಮೂಲ ಕೋಡ್ ಕೂಡ ಸಾರ್ವಜನಿಕವಾಯಿತು. ಅದೇ ವರ್ಷ ಹುಟ್ಟಿದ ‘ಕೌಂಟರ್ ಸ್ಟ್ರೈಕ್’ ಮೂಲತಃ ‘ಹಾಫ್ ಲೈಫ್’ ಆಟಕ್ಕೆ ಉತ್ಸಾಹಿಗಳು ಮಾಡಿಕೊಂಡ ಮಾರ್ಪಾಡು. ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಹುಡುಗರು ಅದನ್ನು ಎದುರುಬದುರು ಕೂತು ಆಡುತ್ತಿದ್ದಾಗ, ಆ ಪಂದ್ಯ ನಡೆಯುತ್ತಿದ್ದುದು ಕೆಫೆಯದೇ ಒಂದು ಕಂಪ್ಯೂಟರಿನಲ್ಲಿ. ಪ್ರಪಂಚದ ಯಾವ ಕಂಪನಿ ಮುಚ್ಚಿದರೂ ಆ ಆಟ ನಿಲ್ಲುವಂತಿರಲಿಲ್ಲ. ಹಲವರು ಕೂಡಿ ಆಡುವುದಕ್ಕೂ ಒಬ್ಬನೇ ಒಡೆಯನಿರುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಆನ್‌ಲೈನ್ ಆಟದ ಮೊದಲ ಕಾಲಘಟ್ಟವೇ ತೋರಿಸಿಕೊಟ್ಟಿತ್ತು.

ಮುಂದೆ ಬದಲಾದದ್ದು ವ್ಯಾಪಾರದ ಬಗೆ. ಡಿಸ್ಕ್ ಮಾರಿದರೆ ಕಂಪನಿಗೆ ಹಣ ಬರುವುದು ಒಮ್ಮೆ ಮಾತ್ರ. ಸರ್ವರ್ ತನ್ನ ಬಳಿಯೇ ಇದ್ದರೆ ತಿಂಗಳ ಚಂದಾ ಕೇಳಬಹುದು, ಆಟದೊಳಗೆ ಉಡುಪು, ಆಯುಧಗಳನ್ನು ಮಾರಬಹುದು, ನಕಲಿ ಪ್ರತಿಗಳನ್ನು ತಡೆಯಬಹುದು, ಹಳೆಯ ಆಟವನ್ನು ಮುಚ್ಚಿ ಜನರನ್ನು ಹೊಸದರ ಕಡೆಗೆ ದಾಟಿಸಬಹುದು. 2017ರ ‘ಫೋರ್ಟ್‌ನೈಟ್’ ಪುಕ್ಕಟೆಯಾಗಿ ಸಿಕ್ಕೂ ಅಪಾರ ಹಣ ಗಳಿಸಿದ್ದು ಈ ಬಗೆಯಿಂದಲೇ. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಹೊಸ ನಕ್ಷೆ, ಹೊಸ ಕಥೆ, ದೋಷಗಳ ತಿದ್ದುಪಡಿ ಎಲ್ಲಕ್ಕೂ ನಿರಂತರ ಆದಾಯ ಬೇಕು. ಆದರೆ ಪರಿಣಾಮ ಮಾತ್ರ ಒಂದೇ: ಆಟಗಾರ ಒಡೆಯನಾಗಿದ್ದವನು ಒಕ್ಕಲಾದ, ಅದೂ ಗೇಣಿಯ ಕರಾರಿನಲ್ಲಿ ಅವಧಿಯನ್ನೇ ನಮೂದಿಸದ ಒಕ್ಕಲು. ಸೋನಿ ಕಂಪನಿ 2024ರ ಆಗಸ್ಟ್ 23ರಂದು ಬಿಡುಗಡೆ ಮಾಡಿದ ‘ಕಾನ್ಕಾರ್ಡ್’ ಆಟವನ್ನು ಸೆಪ್ಟೆಂಬರ್ 6ರಂದೇ ಮುಚ್ಚಿತು. ಕೊಂಡವರಿಗೆ ಹಣ ಹಿಂದಿರುಗಿಸಿದ್ದು ಮೆಚ್ಚಬೇಕಾದ ಮಾತು. ಆದರೆ ಹಲವು ವರ್ಷ ಅದಕ್ಕಾಗಿ ದುಡಿದ ಕಲಾವಿದರ, ತಂತ್ರಜ್ಞರ ಕೆಲಸವನ್ನು ಅಧಿಕೃತವಾಗಿ ಇಂದು ಯಾರೂ ಆಡಿ ನೋಡುವಂತಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಪರಂಪರೆಯನ್ನು ನೆನೆಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವಿದೆ, ಅದರಲ್ಲಿ ಆಟಗಳ ವಿವರಗಳಿವೆ. ಅರಮನೆಯ ಗಂಜೀಫಾ ಎಲೆಯಾಟಗಳನ್ನು ಇಂದಿನವರು ಅರ್ಥ ಮಾಡಿಕೊಳ್ಳಬಲ್ಲರಾದರೆ, ಅದಕ್ಕೆ ಕಾರಣ ನಿಯಮಗಳು ಬರಹದಲ್ಲಿ ಉಳಿದಿರುವುದು, ಎಲೆಗಳು ಸಂಗ್ರಹಾಲಯಗಳಲ್ಲಿ ಉಳಿದಿರುವುದು. ಆಳಿದವರು ಹೋದ ಮೇಲೂ ಆಟ ಉಳಿಯಿತು. ಇಪ್ಪತ್ತೊಂದನೆಯ ಶತಮಾನದ ಆನ್‌ಲೈನ್ ಆಟಗಳ ನಿಯಮಗಳಾದರೋ ಕಂಪನಿಯ ಸರ್ವರಿನೊಳಗೇ ಇವೆ. ಅದನ್ನು ಆರಿಸಿದರೆ ಓದಿ ತಿಳಿಯಲೂ ಏನೂ ಉಳಿಯುವುದಿಲ್ಲ. ನಮ್ಮ ಕಾನೂನೂ ಇದಕ್ಕೆ ಒದಗುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಗಳು ಸಂರಕ್ಷಣೆಗಾಗಿ ಕೃತಿಯೊಂದನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಗ್ರಂಥಾಲಯದಲ್ಲಿರಬೇಕು ಎಂಬ ಷರತ್ತು ಅದಕ್ಕಿದೆ. ಹುಟ್ಟಿನಿಂದಲೇ ಡಿಜಿಟಲ್ ಆದ ಆಟಕ್ಕೆ ಅಂಥ ಪ್ರತಿ ಎಲ್ಲಿಂದ ಬರಬೇಕು?

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಖರ್ಚಿನದು. ಆಡುವವರು ಬೆರಳೆಣಿಕೆಗೆ ಇಳಿದ ಮೇಲೂ ಸರ್ವರನ್ನು ನಡೆಸಿರಿ ಎಂದು ಹೇಳುವುದು ನ್ಯಾಯವೇ? ಖಂಡಿತ ಅಲ್ಲ, ಹಾಗೆಂದು ಕೇಳುತ್ತಲೂ ಇಲ್ಲ. ಕಂಪನಿ ಕೈಬಿಡುವಾಗ, ಬಯಸಿದವರು ತಮ್ಮ ಖರ್ಚಿನಲ್ಲಿ ನಡೆಸಿಕೊಳ್ಳುವಂತೆ ಬಿಟ್ಟುಹೋಗಲಿ ಎಂಬುದಷ್ಟೇ ಕೋರಿಕೆ. ಇದು ಸಾಧ್ಯವೆಂಬುದಕ್ಕೆ ‘ಸಿಟಿ ಆಫ್ ಹೀರೋಸ್’ ಸಾಕ್ಷಿ. 2012ರ ನವೆಂಬರಿನಲ್ಲಿ ಮುಚ್ಚಿಹೋದ ಆ ಆಟವನ್ನು ‘ಹೋಮ್‌ಕಮಿಂಗ್’ ಎಂಬ ಸ್ವಯಂಸೇವಕರ ತಂಡ ದೇಣಿಗೆಯ ಹಣದಲ್ಲಿ ಮತ್ತೆ ನಡೆಸತೊಡಗಿತು. 2024ರ ಜನವರಿಯಲ್ಲಿ ಹಕ್ಕುದಾರ ಕಂಪನಿ ಎನ್‌ಸಿಸಾಫ್ಟ್ ಅದಕ್ಕೆ ಪರವಾನಗಿಯನ್ನೂ ಕೊಟ್ಟಿತು. ಯೂಬಿಸಾಫ್ಟ್ ಕೂಡ ಟೀಕೆಗಳು ಬಂದ ಮೇಲೆ, ‘ದಿ ಕ್ರ್ಯೂ’ ಸರಣಿಯ ಮುಂದಿನ ಎರಡು ಆಟಗಳಿಗೆ ಸಂಪರ್ಕವಿಲ್ಲದೆ ಆಡುವ ವ್ಯವಸ್ಥೆ ಮಾಡುವುದಾಗಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಒತ್ತಾಯ ಬಂದಾಗ ಮಾಡಬಹುದಾದುದನ್ನು ಮೊದಲೇ ಯೋಜಿಸುವುದು ಅಸಾಧ್ಯವೇನಲ್ಲ. ಅದರಿಂದ ಖರ್ಚೂ ತಗ್ಗೀತು.

ಎರಡನೆಯ ಆಕ್ಷೇಪ ಮೋಸದಾಟದ್ದು. ಸರ್ವರ್ ಕಂಪನಿಯ ಬಳಿಯಿದ್ದರೆ ಮಾತ್ರ ಕಳ್ಳಾಟ ಆಡುವವರನ್ನು ಹಿಡಿಯಬಹುದು ಎನ್ನುತ್ತಾರೆ. ಆಟ ನಡೆಯುತ್ತಿರುವಷ್ಟು ಕಾಲ ಈ ಮಾತಿಗೆ ತೂಕವಿದೆ. ಮುಚ್ಚಿದ ಆಟಕ್ಕೆ ಕಾವಲಿನ ನೆಪ ಸಲ್ಲದು. ಮೂರನೆಯದು ಒಪ್ಪಂದದ ಮಾತು: ನೀವು ಕೊಂಡದ್ದು ಬಳಕೆಯ ಪರವಾನಗಿ ಮಾತ್ರ, ಅದಕ್ಕೆ ನೀವೇ ಒಪ್ಪಿಗೆ ಒತ್ತಿದ್ದೀರಿ. ಆದರೆ ಅಂಗಡಿಯ ಗುಂಡಿಯ ಮೇಲೆ ‘ಖರೀದಿಸಿ’ ಎಂದಿದ್ದು, ಯಾರೂ ಓದದ ಪುಟಗಳಲ್ಲಿ ‘ಪರವಾನಗಿ’ ಎಂದಿದ್ದರೆ ಅದು ನೇರ ವ್ಯವಹಾರವಲ್ಲ. ಈ ಕಾರಣಕ್ಕೇ ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ, ಮಾರುತ್ತಿರುವುದು ಪರವಾನಗಿ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಜಾರಿಗೆ ತಂದಿತು. ಯುರೋಪಿನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ನಾಗರಿಕ ಮನವಿ 2025ರ ಜುಲೈನಲ್ಲಿ 10 ಲಕ್ಷ ಸಹಿಗಳ ಗಡಿ ದಾಟಿತು. ನಾಲ್ಕನೆಯ ಆಕ್ಷೇಪ ಹೆಚ್ಚು ಆಳದ್ದು: ಸರ್ವರನ್ನು ಉಳಿಸಿದರೂ ಅಲ್ಲಿ ಸೇರುತ್ತಿದ್ದ ಜನರನ್ನು ಉಳಿಸಲಾಗದಲ್ಲ? ನಿಜ, ಉಳಿಸಲಾಗದು. ಆದರೆ ಜನ ಮತ್ತೆ ಸೇರಬೇಕೆಂದರೆ ಸೇರಲು ಜಾಗವಾದರೂ ಇರಬೇಕು. ಜನ ಚದುರುವುದು ಕಾಲದ ಕೆಲಸ, ಜಾಗವನ್ನೇ ಅಳಿಸುವುದು ಮನುಷ್ಯರ ತೀರ್ಮಾನ.

ಭಾರತದಲ್ಲಿ ಈ ಚರ್ಚೆ ಬೇರೆ ದಿಕ್ಕಿನಲ್ಲಿ ಸಾಗಿದೆ. ಕರ್ನಾಟಕ 2021ರಲ್ಲಿ ಪಣಕ್ಕೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಅದರ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದಾಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡುವ ಕಾಯಿದೆ ಮಾಡಿತು. ಸಾಲ ಮಾಡಿ ಮನೆ ಹಾಳಾದವರ ಸಂಕಟವನ್ನು ಕಂಡವರು ಈ ಕಾಳಜಿಯನ್ನು ಗೌರವಿಸುತ್ತಾರೆ. ಆದರೆ ಪಣವಿಲ್ಲದೆ ಆಡುವವರ ಹಕ್ಕೇನು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದಾಗ, ಆಟದೊಳಗೆ ಹಣ ತೆತ್ತು ಕೊಂಡದ್ದೆಲ್ಲ ಆಟಗಾರರ ಕೈಗೆ ಎಟುಕದಾಯಿತು. ಮರುವರ್ಷ ಅದೇ ಆಟದ ಭಾರತೀಯ ರೂಪವಾದ ಬಿಜಿಎಂಐ ಬಂದು ಹಳೆಯ ಖಾತೆಗಳನ್ನು ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟಿತು. ಅದು ಕಂಪನಿ ತೋರಿದ ಔದಾರ್ಯ, ಆಟಗಾರನಿಗೆ ಕಾನೂನು ಕೊಟ್ಟ ಹಕ್ಕಲ್ಲ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮಾರುವಾಗಲೇ, ಆಟ ಕನಿಷ್ಠ ಎಷ್ಟು ವರ್ಷ ನಡೆಯುತ್ತದೆ ಎಂಬುದನ್ನು ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಇದನ್ನು ಕಡ್ಡಾಯ ಮಾಡುವ ಬಗ್ಗೆ ಸರ್ಕಾರ ಯೋಚಿಸಬೇಕು. ಮುಚ್ಚುವ ಮೊದಲು ಸಾಕಷ್ಟು ಮುನ್ಸೂಚನೆ ಕೊಡಬೇಕು, ಒಬ್ಬರೇ ಆಡುವ ಭಾಗವನ್ನು ಸರ್ವರಿನ ಹಂಗಿನಿಂದ ಬಿಡಿಸಬೇಕು, ಕೂಡಿ ಆಡುವ ಭಾಗಕ್ಕೆ ಸರ್ವರ್ ತಂತ್ರಾಂಶವನ್ನು ಬಿಟ್ಟುಕೊಡಬೇಕು. ಹುಟ್ಟು ಡಿಜಿಟಲ್ ಕೃತಿಗಳನ್ನು ಕಾಪಿಡಲು ಗ್ರಂಥಾಲಯಗಳಿಗೆ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅವಕಾಶ ಸಿಗಬೇಕು. ತಂತ್ರಾಂಶಕ್ಕೆ ಹೆಸರಾದ ಬೆಂಗಳೂರಿನ ವಿಶ್ವವಿದ್ಯಾಲಯಗಳು ಈ ಸಂರಕ್ಷಣೆಯ ಕೆಲಸಕ್ಕೆ ಮುಂದಾಗುವುದು ಸಹಜವೂ ಹೌದು, ಕರ್ತವ್ಯವೂ ಹೌದು. ಆಟವನ್ನು ಕಟ್ಟಿದವರಿಗೆ ಅದರ ಲಾಭ ಸಲ್ಲಲಿ. ಅದನ್ನು ಅಳಿಸುವ ಅಧಿಕಾರ ಮಾತ್ರ ಅವರೊಬ್ಬರಿಗೇ ಸೇರಬಾರದು, ಏಕೆಂದರೆ ಅದರೊಳಗಿನ ಸ್ನೇಹವನ್ನೂ ನೆನಪನ್ನೂ ಕಟ್ಟಿದವರು ಆಡಿದವರು.