ಪ್ರಜಾಪ್ರಭುತ್ವವೆಂಬ ಸಮಾಸ

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ವಿಷಯವು ಪ್ರಜಾಪ್ರಭುತ್ವ. ಶಬ್ದರೂಪಗಳನ್ನೂ ಲಘುಕೌಮುದಿಯ ಸೂತ್ರಗಳನ್ನೂ ಒಪ್ಪಿಸುತ್ತ ಪಾಠಶಾಲೆಯಲ್ಲಿ ಬೆಳೆದ ನನಗೂ ರಾಜ್ಯಶಾಸ್ತ್ರಕ್ಕೂ ಬಹು ದೂರ. ಆದರೆ ಶಬ್ದವು ಸಂಸ್ಕೃತದ್ದಾಗಿರುವದರಿಂದ, ಆ ಬಾಗಿಲಿನಿಂದಲಾದರೂ ಒಳಗೆ ಇಣುಕಿ ನೋಡಬಹುದೆಂದು ಧೈರ್ಯ ಮಾಡಿದ್ದೇನೆ.

ಪ್ರಜಾ ಎಂದರೆ ಹುಟ್ಟಿದ್ದು, ಸಂತಾನ. ಪ್ರಭು ಎಂದರೆ ಸಮರ್ಥನು, ಒಡೆಯನು. ಅರಸನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವನೆಯಿಂದಲೇ ಹಿಂದಿನವರು ಜನರಿಗೆ ಪ್ರಜೆಗಳೆಂದು ಹೆಸರಿಟ್ಟರು. ಆದುದರಿಂದ ಪ್ರಜೆಯೆಂಬವನೂ ಪ್ರಭುವೆಂಬವನೂ ಎದುರುಬದುರು ನಿಲ್ಲತಕ್ಕ ಇಬ್ಬರು. ಈ ಇಬ್ಬರನ್ನು ಒಂದೇ ಪದದಲ್ಲಿ ಕೂಡಿಸಿದಾಗ ಷಷ್ಠೀ ತತ್ಪುರುಷ ಸಮಾಸವಾಯಿತು. ಪ್ರಜೆಗಳ ಪ್ರಭುತ್ವವೆಂದು ಅದರ ವಿಗ್ರಹ. ಇಲ್ಲಿಯೇ ತೊಡಕುಂಟು. ಷಷ್ಠಿಯು ಕರ್ತೃವನ್ನೂ ಹೇಳೀತು, ಕರ್ಮವನ್ನೂ ಹೇಳೀತು. ಪ್ರಜೆಗಳು ತಾವೇ ನಡೆಯಿಸುವ ಪ್ರಭುತ್ವವೆಂದೂ ಅರ್ಥ ಮಾಡಬಹುದು, ಪ್ರಜೆಗಳ ಮೇಲೆ ಬೇರೊಬ್ಬರು ನಡೆಯಿಸುವ ಪ್ರಭುತ್ವವೆಂದೂ ಅರ್ಥ ಮಾಡಬಹುದು. ವ್ಯಾಕರಣವು ಎರಡಕ್ಕೂ ಅಡ್ಡಿ ಹೇಳುವದಿಲ್ಲ. ಯಾವ ಅರ್ಥವು ನಿಲ್ಲತಕ್ಕದ್ದೆಂಬುದನ್ನು ಊರಿನ ನಡೆವಳಿಯೇ ನಿಶ್ಚಯಿಸಬೇಕು.

ನಮ್ಮ ಸೀಮೆಯಲ್ಲಿ ಈ ಎರಡು ಅರ್ಥಗಳೂ ಅಕ್ಕಪಕ್ಕದಲ್ಲಿಯೇ ಇದ್ದವು. ಇಂದು ಮೂಡಲಗಿ ತಾಲೂಕಿಗೆ ಸೇರಿದ ಈ ಕುಲಗೋಡವು ಮೊದಲು ಗೋಕಾಕ ತಾಲೂಕಿನ ಹಳ್ಳಿಯಾಗಿ ಮುಂಬಯಿ ಇಲಾಖೆಯಲ್ಲಿದ್ದಿತು. ಆಚೆಗೆ ಮುಧೋಳ, ಜಮಖಂಡಿ, ರಾಮದುರ್ಗಗಳಲ್ಲಿ ಸಂಸ್ಥಾನಿಕರ ಆಳಿಕೆ. ಇವೆಲ್ಲವುಗಳಿಗಿಂತ ವಿಲಕ್ಷಣವಾದುದು ಔಂಧ ಸಂಸ್ಥಾನ. ಅದರ ರಾಜಧಾನಿಯು ಸಾತಾರೆಯ ಕಡೆಗಿದ್ದರೂ ಗುಣದಾಳವೆಂಬ ಅದರ ತುಣುಕು ನಮ್ಮ ವಿಜಯಪುರ ಜಿಲ್ಲೆಯಲ್ಲಿದ್ದಿತು. ಅಲ್ಲಿಯ ಜನರು ಕನ್ನಡಿಗರೇ. ಔಂಧದ ರಾಜರಾದ ಭವಾನರಾವ ಪಂತ ಪ್ರತಿನಿಧಿಯವರು ಮಹಾತ್ಮಾ ಗಾಂಧಿಯವರ ಸಲಹೆಯನ್ನು ಪಡೆದು, 1939ರಲ್ಲಿ ತಮ್ಮ ಅಧಿಕಾರವನ್ನು ತಾವಾಗಿಯೇ ಪ್ರಜೆಗಳಿಗೆ ಒಪ್ಪಿಸುವ ಸಂವಿಧಾನವನ್ನು ಜಾರಿಗೆ ತಂದರು. ಹಳ್ಳಿಯವರು ಐವರನ್ನು ಆರಿಸಿ ಪಂಚಾಯತಿ ಮಾಡತಕ್ಕದ್ದು. ಪಂಚಾಯತಿಗಳ ಅಧ್ಯಕ್ಷರು ಕೂಡಿ ತಾಲೂಕಿನ ಸಭೆಯಾಗತಕ್ಕದ್ದು. ಅಲ್ಲಿಂದ ಸಂಸ್ಥಾನದ ವಿಧಿಮಂಡಲಕ್ಕೆ ಪ್ರತಿನಿಧಿಗಳು ಹೋಗತಕ್ಕದ್ದು. ಅಧಿಕಾರದ ಬೇರು ಹಳ್ಳಿಯಲ್ಲಿ, ಕೊಂಬೆಯು ಮೇಲೆ. ಹತ್ತು ವರ್ಷ ತುಂಬುವ ಮೊದಲೇ, 1948ರ ಮಾರ್ಚ 8ರಂದು, ಔಂಧವು ಇತರ ದಕ್ಷಿಣ ಸಂಸ್ಥಾನಗಳೊಡನೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಪ್ರಯೋಗವನ್ನು ಇಂದು ನೆನೆಯುವವರು ವಿರಳ. ಸಿಂಹಾಸನದ ಮೇಲೆ ಕುಳಿತವನು ತಾನಾಗಿ ಕೆಳಗಿಳಿದುದು ಪುರಾಣದಲ್ಲಿಯಾದರೂ ನಮಗೆ ಎಷ್ಟು ಸಲ ದೊರೆಯುತ್ತದೆ?

ಇಡಿಯ ದೇಶಕ್ಕೆ ಆ ಮಾತು 1950ರ ಜನವರಿ 26ರಂದು ಅನ್ವಯಿಸಿತು. ಅದಕ್ಕೂ ಮೊದಲಿನ ಮತದಾನವು ಕಂದಾಯ ಕೊಡುವವರದು, ಅಕ್ಷರ ಕಲಿತವರದು. 1951–52ರ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದ ಜೀತಗಾರನಿಗೂ ಅವನ ಧಣಿಗೂ ಒಂದೊಂದೇ ಮತ. ಅತ್ತೆಗೂ ಸೊಸೆಗೂ ಒಂದೊಂದೇ ಮತ. 1989ರಿಂದ ಆ ವಯಸ್ಸು 18ಕ್ಕೆ ಇಳಿದಿದೆ.

ಇಷ್ಟು ಹೇಳಿದೊಡನೆ, ಇದೇನು ಹೊಸತು, ಕಲ್ಯಾಣದ ಅನುಭವಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟಲ್ಲವೆ, ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಉತ್ಸವದ ವೇದಿಕೆಗಳಲ್ಲಿ ಹಾಗೆ ಹೇಳುವದು ರೂಢಿಯಾಗಿದೆ. ನನ್ನ ಮನಸ್ಸು ಅದಕ್ಕೆ ಪೂರ್ತಿ ಒಪ್ಪದು. 12ನೆಯ ಶತಮಾನದ ಆ ಗೋಷ್ಠಿಯು ಕರವನ್ನು ವಿಧಿಸಲಿಲ್ಲ, ದಂಡನ್ನು ಕಟ್ಟಲಿಲ್ಲ, ರಾಜ್ಯವು ಬಿಜ್ಜಳನದು. ಪಾರ್ಲಿಮೆಂಟೆಂದು ಕರೆದು ನಾವು ಮಂಟಪಕ್ಕೆ ದೊಡ್ಡಸ್ತಿಕೆಯನ್ನೇನೂ ತಂದುಕೊಡುವದಿಲ್ಲ. ಆದರೆ ಅಲ್ಲಿ ಒಂದು ಮರ್ಯಾದೆಯಿದ್ದಿತೆಂದು ನಮ್ಮ ಪರಂಪರೆಯು ಸಾರುತ್ತದೆ: ಯಾವ ಕಾಯಕದವನೇ ಆಗಲಿ, ಸ್ತ್ರೀಯೇ ಆಗಲಿ, ಎದ್ದು ಕೇಳಿದರೆ ಹಿರಿಯ ಪೀಠದಲ್ಲಿದ್ದವರೂ ಉತ್ತರ ಕೊಡಬೇಕು. ನಾನು ಹಿಡಿದುಕೊಂಡಿರುವದು ಅಷ್ಟನ್ನೇ. ಏಕೆ ಹಿಡಿದುಕೊಂಡೆನೆಂಬುದಕ್ಕೆ ನನ್ನದೇ ಒಂದು ತಪ್ಪನ್ನು ಈ ಸನ್ನಿಧಿಯಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಶ್ರಾವಣದಲ್ಲಿ ಪುರಾಣ ಹೇಳಲೆಂದು ಒಂದು ಹಳ್ಳಿಗೆ ಹೋಗಿದ್ದೆನು. ಊರ ಹೆಸರು ಬೇಡ. ಪಂಚಾಯತಿಯ ಚುನಾವಣೆ ಹತ್ತಿರವಿದ್ದಿತು. ಒಂದು ರಾತ್ರಿ ಮಂಗಳಾರತಿಯಾದ ಮೇಲೆ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿದರು. ಚುನಾವಣೆಯಾದರೆ ಜಗಳ, ಖರ್ಚು, ಮನೆಮನೆಗೆ ವೈರ. ಆದುದರಿಂದ ಗುಡಿಯ ಶಿಖರಕ್ಕೆ ಯಾರು ಹೆಚ್ಚು ದೇಣಿಗೆ ಕೊಡುವರೋ ಅವರೇ ಆ ಓಣಿಯ ಸದಸ್ಯರು, ಉಳಿದವರು ಅರ್ಜಿ ಹಾಕಕೂಡದು, ಎಂದು ಸವಾಲು ನಡೆಯಿತು. ನನ್ನ ಅಕ್ಷರವು ಚೆನ್ನಾಗಿದೆಯೆಂದು ಯಾದಿಯನ್ನು ನನ್ನಿಂದ ಬರೆಯಿಸಿದರು. ಊರು ಒಮ್ಮತವಾಯಿತಲ್ಲ ಎಂಬ ಸಂತೋಷದಿಂದಲೇ ಬರೆದೆನು. ಕೊನೆಯಲ್ಲಿ ಶುಭಂ ಎಂತಲೂ ಬರೆದೆನು.

ಮರುದಿನ ಎಣ್ಣೆ ಹಾಕಲು ಬಂದ ವೃದ್ಧೆಯೊಬ್ಬಳು ನನ್ನೆದುರು ನಿಂತಳು. ಅವಳ ಓಣಿಯ ನಲ್ಲಿಗೆ ನೀರು ಬಾರದೆ ಬಹಳ ದಿನಗಳಾಗಿದ್ದವು. ಹೊಸ ಸದಸ್ಯನಿಗೆ ಹೇಳಬಾರದೇನವ್ವ ಎಂದೆನು. ಅವಳು ಹೇಳಿದ ಮಾತನ್ನು ಅವಳ ಮಾತಿನಲ್ಲಿಯೇ ಹೇಳುತ್ತೇನೆ: “ಅವ ರೊಕ್ಕಾ ಕೊಟ್ಟ ಕುರ್ಚಿ ತಗೊಂಡಾನ್ರಿ ಅಯ್ಯನವರ. ನಾ ಏನ ಕೊಟ್ಟೀನಂತ ಅವನ್ನ ಕೇಳ್ಲಿ?”

ನಾನು ಓದಿದ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮತವೆಂಬುದು ಅವಳು ಕೊಡಬಹುದಾಗಿದ್ದ ಒಂದೇ ವಸ್ತು. ಅದನ್ನು ಕೊಟ್ಟಿದ್ದರೆ ಕೇಳುವ ಅಧಿಕಾರವು ಅವಳಿಗೆ ಉಳಿಯುತ್ತಿತ್ತು. ಜಗಳವಾಗದಿರಲೆಂದು ನಾವು ಕಟ್ಟೆಯ ಮೇಲೆ ಮಾರಿದ್ದು ಕುರ್ಚಿಯನ್ನಲ್ಲ, ಅವಳ ಬಾಯನ್ನು. ಶಿಖರವೇನೋ ಎದ್ದಿತು. ಆ ಗುಡಿಗೆ ಹೋದಾಗಲೆಲ್ಲ ನನಗೆ ತಲೆಯೆತ್ತಿ ನೋಡುವದಾಗುವದಿಲ್ಲ.

ಈಗ ಮಠದ ಮಾತು. ಚುನಾವಣೆ ಬಂತೆಂದರೆ, ಯಾರಿಗೆ ಮತ ಹಾಕೋಣ ಅಪ್ಪಣೆಯಾಗಲಿ, ಎಂದು ಮಠಗಳಿಗೆ ಬರುವ ಭಕ್ತರುಂಟು. ಹೂಮಾಲೆ ಹಿಡಿದು ಬರುವ ಉಮೇದುವಾರರೂ ಉಂಟು. ಧರ್ಮದ ಹೆಸರಿನಿಂದ ಮತ ಯಾಚಿಸುವದನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯದೆಯು ದೋಷವೆಂದು ಎಣಿಸಿದೆ; 2017ರಲ್ಲಿ ಸುಪ್ರೀಮ ಕೋರ್ಟು ಅದನ್ನು ಇನ್ನೂ ಬಿಗಿಯಾಗಿ ವಿವರಿಸಿದೆ. ಕಾಯದೆಯ ಭಯ ಹಾಗಿರಲಿ. ಗುರುವು ಹೇಳಿದನೆಂದು ಹಾಕಿದ ಮತಕ್ಕೆ ನಾಳೆ ಯಾರನ್ನು ಕೇಳುವಿರಿ? ಆರಿಸಿ ಬಂದವನು ಮಠದ ಕಡೆಗೆ ಬೊಟ್ಟು ಮಾಡುವನು. ಗುರುವಿನ ಮುಂದೆ ಶಿಷ್ಯರಾಗಿರಿ. ಮತದ ಪೆಟ್ಟಿಗೆಯ ಮುಂದೆ ಪ್ರಭುಗಳಾಗಿರಿ. ಶ್ರೀಗಳವರ ಎದುರಿಗೇ ಇದನ್ನು ಹೇಳುತ್ತಿರುವೆನೆಂಬುದನ್ನು ಗಮನಿಸಬೇಕು.

ಐದು ವರ್ಷಕ್ಕೊಂದು ದಿನದ ಪ್ರಭುತ್ವವೂ ಸಾಲದು. ಕರ್ನಾಟಕದ 1993ರ ಪಂಚಾಯತರಾಜ ಕಾಯದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆಯು ಕೂಡಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನರು ಇರಬೇಕು. ಅಲ್ಲಿ ಸದಸ್ಯರು ಲೆಕ್ಕ ಒಪ್ಪಿಸತಕ್ಕವರು, ನೀವು ಕೇಳತಕ್ಕವರು. ಜಾತ್ರೆಗೆ ಸಾವಿರ ಜನ ಸೇರುವ ಊರುಗಳಲ್ಲಿ ಈ ನೂರು ಜನ ಸೇರುವದು ಕಷ್ಟವಾಗಿ, ಹಾಜರಿ ಪುಸ್ತಕವನ್ನು ಮನೆಮನೆಗೆ ಒಯ್ದು ಹೆಬ್ಬೆಟ್ಟು ಒತ್ತಿಸುವದನ್ನು ನಾನು ಕಂಡಿದ್ದೇನೆ. ಷಷ್ಠಿಯು ಕರ್ಮವನ್ನು ಹೇಳತೊಡಗುವದು ಹೀಗೆ.

ಬರುವ ಗ್ರಾಮಸಭೆಯ ದಿನ ಪಾಠಶಾಲೆಗೆ ರಜೆಯಿರಲೆಂದು ಶ್ರೀಗಳವರಲ್ಲಿ ಬೇಡಿಕೊಂಡಿದ್ದೇನೆ; ಅಪ್ಪಣೆಯಾಗಿದೆ. 18 ತುಂಬಿದ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನೂ ಬರುತ್ತೇನೆ. ತಾಯಂದಿರು ಹಿಂದೆ ಗೋಡೆಗೆ ಒರಗಿ ನಿಲ್ಲದೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕೆಂದು ಪ್ರಾರ್ಥನೆ.