ನೆಲಬಾಂಬುಗಳ ನಡುವೆ ಒಂದು ದಾರಿ



1918ರ ಜೂನ್ 26ರಂದು ಜನಿಸಿದ ರಾಮ ರಾಘೋಬ ರಾಣೆಯವರು ಕಾರವಾರದ ಬಳಿಯ ಚೆಂಡಿಯಾದವರು, ಪೊಲೀಸ್ ಪೇದೆಯೊಬ್ಬರ ಮಗ. ಅವರು ಜೈನರಲ್ಲ. ಆದರೆ ಅಹಿಂಸೆಯ ಪ್ರವಚನದಲ್ಲಿ ಸೈನಿಕನ ಹೆಸರೆತ್ತಲು ಸಂಕೋಚಪಡುವ ನಮ್ಮ ಸಭೆಗಳು ಕೇಳಲೇಬೇಕಾದ ಜೀವನವದು.

1940ರಲ್ಲಿ ಅವರು ಸೇರಿದ್ದು ಬಾಂಬೆ ಇಂಜಿನಿಯರ್ಸ್ ದಳವನ್ನು. ಅದರ ಕೇಂದ್ರ ಇಂದಿಗೂ ಪುಣೆಯ ಖಡಕಿಯಲ್ಲಿದೆ. ಬರ್ಮಾ ರಣರಂಗವನ್ನು ಕಂಡ ಬಳಿಕ 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದರು. ನಾಲ್ಕು ತಿಂಗಳೊಳಗೆ, 1948ರ ಏಪ್ರಿಲ್ 8ರಂದು, ನೌಶೇರಾದಿಂದ ರಜೌರಿಯತ್ತ ಹೊರಟ ಸೇನೆಗೆ ದಾರಿ ತೆರವು ಮಾಡುವ ಹೊಣೆ ಅವರ ಮೇಲೆ ಬಿದ್ದಿತು. ಮೊದಲ ದಿನವೇ ಮಾರ್ಟರ್ ದಾಳಿಗೆ ಅವರ ತಂಡದ ಇಬ್ಬರು ಮಡಿದರು, ಐವರು ಗಾಯಗೊಂಡರು. ಗಾಯಾಳುಗಳಲ್ಲಿ ರಾಣೆಯವರೂ ಒಬ್ಬರು. ಆದರೂ ಅವರು ಹಿಂದಿರುಗಲಿಲ್ಲ. ಟ್ಯಾಂಕಿನಡಿ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ಸೂಚನೆ ಕೊಡುತ್ತ ನೆಲಬಾಂಬುಗಳ ನಡುವೆ ಅದನ್ನು ಮುನ್ನಡೆಸಿದರು. ರಸ್ತೆಗಡ್ಡವಾಗಿ ಕೆಡವಿದ್ದ ಪೈನ್ ಮರಗಳನ್ನು ಗುಂಡಿನ ಮಳೆಯಲ್ಲಿಯೇ ತೆರವು ಮಾಡಿದರು. ಏಪ್ರಿಲ್ 11ರ ರಾತ್ರಿಯವರೆಗೂ ಈ ಕೆಲಸ ಸಾಗಿತು. ಮರುದಿನ ಸೇನೆ ರಜೌರಿಯನ್ನು ತಲುಪಿತು. ಅವರಿಗೆ ಪರಮವೀರ ಚಕ್ರ ಸಂದಿತು, ಅದೂ ಜೀವಂತವಾಗಿರುವಾಗಲೇ.

ನೆಲಬಾಂಬು ಹುಗಿದವನು ಯಾರನ್ನು ಕೊಲ್ಲುವೆನೆಂದು ಅರಿಯನು: ಸೈನಿಕನೋ, ಮೇಕೆ ಕಾಯುವ ಬಾಲಕನೋ, ಮೇಕೆಯೋ. ಅದನ್ನು ಕಿತ್ತವನು ಎಷ್ಟು ಜೀವಗಳನ್ನು ಉಳಿಸಿದನೆಂಬುದಕ್ಕೂ ಲೆಕ್ಕವಿಲ್ಲ. ಆದರೆ ರಾಣೆಯವರು ತೆರೆದ ದಾರಿಯಲ್ಲಿ ಸಾಗಿದ್ದು ಯುದ್ಧದ ಟ್ಯಾಂಕುಗಳೇ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ.

ಈ ತೊಡಕನ್ನು ನಮ್ಮ ಆಚಾರ್ಯರು ಬಲ್ಲವರಾಗಿದ್ದರು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಅಣುವ್ರತಿಯಾದ ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ವಿಧಿಸಿದರು. ರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಪುಣ್ಯವೆನ್ನದೆ, ಗೃಹಸ್ಥನ ಮಿತಿಯೆಂದು ಒಪ್ಪಿದರು. ಬೆಳ್ಗೊಳದ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಮಸ್ತಕಾಭಿಷೇಕದಲ್ಲಿ ಆತನನ್ನು ಕೊಂಡಾಡುವ ಮನೆಗಳೇ, ಖಡಕವಾಸಲಾದ ಪ್ರವೇಶ ಪರೀಕ್ಷೆ ಬರೆಯಬೇಕೆನ್ನುವ ಮಗನಿಗೆ, ಈಗ ಮಗಳಿಗೂ, ‘ಅದು ನಮಗೆ ಸಲ್ಲದು’ ಎನ್ನುತ್ತವೆ. ಗಡಿಯ ಕಾವಲು ಮಾತ್ರ ಅನ್ಯರ ಮಕ್ಕಳಿಗೆ ಸಲ್ಲುತ್ತದೆಯೇ? ಇದನ್ನು ಅಹಿಂಸೆಯೆನ್ನುವುದಕ್ಕಿಂತ ಅನುಕೂಲವೆನ್ನುವುದು ಸರಿ. ಇತ್ತ ರಾಜಕಾರಣದ ವೇದಿಕೆಗಳಲ್ಲಿ ಯುದ್ಧೋತ್ಸಾಹದಿಂದ ಗರ್ಜಿಸುವವರ ಮಾತೂ ಅಷ್ಟೇ ಅಗ್ಗ.

2023ರಲ್ಲಿ ಅಂಡಮಾನಿನ ದ್ವೀಪವೊಂದಕ್ಕೆ ರಾಣೆಯವರ ಹೆಸರನ್ನಿಡಲಾಯಿತು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. ಅವರು 1968ರಲ್ಲಿ ಮೇಜರ್ ಹುದ್ದೆಯಿಂದ ನಿವೃತ್ತರಾಗಿ, 1994ರ ಜುಲೈ 11ರಂದು ತೀರಿಕೊಂಡರು.